ಬದು ನಡೆದ ವರ್ಷ

ಮಹಾಗಾಂವ, ತಾ. ಗಡಹಿಂಗ್ಲಜ
೧೨ ಮೇ ೨೦೨೫

ಪ್ರೀತಿಯ ತಮ್ಮ ಸಿದ್ಧಲಿಂಗನಿಗೆ ನಿನ್ನ ಅಕ್ಕನ ಆಶೀರ್ವಾದ.

ಮಗ್ಗದ ಧೂಳಿಗೆ ಹತ್ತಿದ ಕೆಮ್ಮು ಕಡಿಮೆಯಾಯಿತೇ? ಶುಂಠಿ ಕಷಾಯ ಕುಡಿ, ನೀನಿರುವ ಯಡ್ರಾವದ ಚಹಾ ಅಲ್ಲ. ಫೋನ್ ಎತ್ತದ ಮೊಂಡನಿಗೆ ಕಾಗದವೇ ಗತಿ. ಹರಿದು ಎಸೆಯುವ ಮೊದಲು ಪೂರ್ತಿ ಓದು.

ಪಕ್ಕದ ಹೊಲದ ದಾದಾಸಾಹೇಬ ಉಳುಮೆಗೊಮ್ಮೆ ನಮ್ಮ ಬದುವಿನಲ್ಲಿ ಒಂದು ಸಾಲು ಕೊರೆದು ಅದನ್ನು ನಮ್ಮ ಕಡೆಗೆ ಸರಿಸುತ್ತಾನೆ ಎಂದು ಹೋದ ವರ್ಷ ನೀನು ಪಂಚರ ಮುಂದೆ ಹೇಳಿದಾಗ ಊರೆಲ್ಲ ನಕ್ಕಿತ್ತು. "ಬದುವಿಗೇನ್ ಕಾಲ ಬಂದಾವೇನೋ, ಹುಚ್ಚ?" ಎಂದ ದಾದಾಸಾಹೇಬ ಬದುವಿನ ಮಣ್ಣನ್ನು ತಲೆಯ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೆದು ಆಣೆ ಮಾಡಿಯೇಬಿಟ್ಟ. ಮಣ್ಣು ಹೊತ್ತವನು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ಅವನನ್ನು ನಂಬಿದರು; ನೀನು ಸುಳ್ಳನೆನಿಸಿಕೊಂಡು ಊರು ಬಿಟ್ಟೆ. ಅಂದಿನಿಂದ ನನ್ನ ಹೊಟ್ಟೆಯ ಬೆಂಕಿ ಆರಿಲ್ಲ.

ನೀನು ಹೋದ ವಾರವೇ ಕೊಲ್ಹಾಪುರದಿಂದ ದೀಪಕ ಎಂಬ ಫೋಟೋದವನು ಬಂದ. ಬೀಜದ ಕಂಪನಿಯ ಜಾಹೀರಾತಿಗೆ ದಾದಾಸಾಹೇಬನ ಹೊಲದ ಒಂದು ವರ್ಷವನ್ನು ಒಂದೇ ನಿಮಿಷದಲ್ಲಿ ತೋರಿಸಬೇಕಂತೆ. ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಂದು ಫೋಟೋವನ್ನು ತಾನೇ ತೆಗೆಯುವ ಕ್ಯಾಮೆರಾ. ಬಿಸಿಲು ಎದುರಿಗೆ ಬರಬಾರದೆಂದು ಕಂಬಕ್ಕೆ ನಮ್ಮ ಕೊಟ್ಟಿಗೆಯ ಪಕ್ಕ ಜಾಗ ಕೇಳಿದ. ಕೊಟ್ಟೆ. ಅಪ್ಪ ನಮ್ಮ ಹೊಲದಂಚಿಗೆ ಹಚ್ಚಿದ ಬೇವಿನ ಗಿಡವೂ ಬರಲಿ, ಚಂದ ಕಾಣುತ್ತದೆ ಎಂದೆ. ಅದರ ಜೊತೆ ಬದುವೂ ಬರುತ್ತದೆ ಎಂದು ಹೇಳಲಿಲ್ಲ. "ಅಕ್ಕಾ, ದಿನಾ ಗಾಜ ಅಷ್ಟ ಒರಸ್ರಿ. ಕ್ಯಾಮೆರಾ ಒಂದ ಎಳಿ ಅಲಗಾಡಿದ್ರೂ ವರ್ಷದ ಕೆಲಸ ಹಾಳ" ಎಂದು ಆ ಕೆಲಸವನ್ನು ನನಗೇ ಒಪ್ಪಿಸಿದ. ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ ಏಣಿ ಹತ್ತಿ, ಮೊಣಕಾಲು ನೋವಿಗೆ ದಾದಾಸಾಹೇಬನ ಹೆಸರು ಹಿಡಿದು ಬೈಯುತ್ತ ಒರೆಸಿದೆ. ಆ ಮೂರ್ಖ, ಕ್ಯಾಮೆರಾ ಬೆಳೆಯನ್ನಷ್ಟೇ ನೋಡುತ್ತದೆ ಎಂದುಕೊಂಡು ಸೋಯಾಬೀನಿಗೊಂದು, ಕಡಲೆಗೊಂದು, ಶೇಂಗಾಕ್ಕೊಂದು ಸಾಲು ಕೊರೆದ. ನಾನು ಗಾಜು ಒರೆಸುತ್ತಲೇ ಇದ್ದೆ.

ಮೊನ್ನೆ ಸಂಜೆ ದಾದಾಸಾಹೇಬ ತಾನೇ ಊರನ್ನು ಕರೆದು, ಪೇಡೆ ಹಂಚಿ, ಗುಡಿಯ ಗೋಡೆಗೆ ಬಿಳಿ ಪರದೆ ಕಟ್ಟಿಸಿ ಆ ಒಂದು ನಿಮಿಷದ ಚಿತ್ರ ತೋರಿಸಿದ. ಪೈರು ಎದ್ದಿತು, ಹೋಯಿತು, ಮತ್ತೆ ಎದ್ದಿತು. ಪಕ್ಕದಲ್ಲೇ ಬದು, ಹಸಿದ ಎಮ್ಮೆ ಮೇವಿಗೆ ಸರಿದ ಹಾಗೆ, ಸರಿಯುತ್ತ ಸರಿಯುತ್ತ ಬೇವಿನ ಗಿಡವನ್ನು ದಾಟಿ ನಮ್ಮ ಹೊಲದೊಳಗೆ ಬಂದಿತು. "ಇನ್ನೊಮ್ಮಿ ಹಚ್ರಿ" ಎಂದರು ಪಂಚ ಸಿದ್ದಾರೂಢಣ್ಣ. "ಕ್ಯಾಮೆರಾ ಸರದೈತ್ರಿ" ಎಂದ ದಾದಾಸಾಹೇಬ. "ಹಂಗಾರ ಗಿಡ ಯಾಕ ಸರದಿಲ್ರಿ, ಕಾಕಾ?" ಎಂದು ಕೇಳಿದೆ. ಈ ಸಲ ಯಾರೂ ನಗಲಿಲ್ಲ. ಪೇಡೆ ರುಚಿಯಾಗಿತ್ತು, ಇನ್ನೆರಡು ತಿಂದೆ.

ಮರುದಿನ ಬೆಳಿಗ್ಗೆ ದಾದಾಸಾಹೇಬ ಮನೆಗೇ ಬಂದ. "ಕಲ್ಲವ್ವಾ, ಜಾಗಾ ಬಿಟ್ಟಕೊಡ್ತೇನಿ, ಇಲ್ಲಿಗೇ ಮುಗಸು" ಎಂದ. ಕುಡಿಯಲು ನೀರು ಕೊಟ್ಟು, ಪಂಚರ ಮನೆಗೆ ಹೊರಟೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಕೋಣೆ ಕೊಟ್ಟ ಅನ್ನವ್ವ ಆಯಿಗೆ ನನ್ನ ಶರಣು ತಿಳಿಸು.

ನಿನ್ನ ಅಕ್ಕ,
ಕಲ್ಲವ್ವ

ತಾ.ಕ.: ನಿನ್ನ ಹತ್ತಿರದ ಇಚಲಕರಂಜಿಗೆ ಹೊರಟ ನಮ್ಮೂರ ಹುಡುಗ ಶೀತಲ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಕಾಗದ ಅವನ ಕೈಯಲ್ಲಿ ಕೊಡುತ್ತೇನೆ. ಇಪ್ಪತ್ತೆರಡಕ್ಕೆ, ಗುರುವಾರ, ಹಳೆಯ ಗಡಿಗೆ ಕಲ್ಲು ನೆಡುತ್ತಾರೆ. ದಾದಾಸಾಹೇಬ ಮತ್ತೆ ಮಣ್ಣು ಹೊತ್ತು, ಊರಿನ ಮುಂದೆ, ಆ ಗಡಿಯುದ್ದಕ್ಕೂ ನಡೆಯಬೇಕು. ಪಂಚರಿಂದ ಒಪ್ಪಿಗೆ ಪಡೆದಿದ್ದೇನೆ. ಬೇವಿನ ಬುಡದ ಮಣ್ಣನ್ನು ನಾನೇ ಅಗೆದು ತುಂಬಿಟ್ಟಿದ್ದೇನೆ, ನಮ್ಮ ಗೊಬ್ಬರದ ದೊಡ್ಡ ಬುಟ್ಟಿಯಲ್ಲಿ. ಅವನ ತಲೆಯ ಮೇಲೆ ಅದನ್ನು ನೀನೇ ಹೊರಿಸಬೇಕು. ಬಾ.