ಐದಕ್ಕೆ ಐದು, ಮೇಲೊಂದು ‘ಸಾಕು’

ಶ್ರೀ ಮಂಜುಗುಣಿ ವೆಂಕಟರಮಣ ಪ್ರಸನ್ನ

ಎಕ್ಕಂಬಿ

ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ಎರಡನೇ ವರ್ಷದ ಸಮೃದ್ಧಿಯ ತಾಯಿ ಮಾಡುವ ನಮಸ್ಕಾರ.

ಮೊನ್ನೆ ಪಾಲಕರ ಸಭೆಯಲ್ಲಿ, ನಿಮ್ಮ ವಿಭಾಗದ ಬಗ್ಗೆ ಮಕ್ಕಳಿಗೆ ಎಷ್ಟು ತೃಪ್ತಿಯಿದೆ ಎಂದು ಅಳೆದ ಹಾಳೆಗಳನ್ನು ತೋರಿಸಿದಿರಿ. ನನ್ನ ಮಗಳು ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟು, ಕೊನೆಗೆ “ಸಾಕು” ಎಂದು ಬರೆದಿದ್ದಳು. “ನೋಡಿ ಅಮ್ಮಾ, ಎಷ್ಟು ಸಂತೃಪ್ತಿ!” ಎಂದು ನೀವು ನಕ್ಕಿರಿ.

ಮನೆಯಲ್ಲಿ ಅಡುಗೆ ರುಚಿಸಿದರೆ ಅವಳು, “ಆಯಿ, ಉಪ್ಪು ಕಮ್ಮಿ ಆಜು, ಇನ್ನೊಂಚೂರು ಬಡಸು” ಎಂದು ತಕರಾರು ಮಾಡುತ್ತಲೇ ಉಣ್ಣುತ್ತಾಳೆ. ರುಚಿಸದಿದ್ದರೆ “ಚೊಲೋ ಆಜು, ಸಾಕು” ಎಂದು ಬಟ್ಟಲಿಗೆ ಕೈ ಅಡ್ಡ ಹಿಡಿಯುತ್ತಾಳೆ. ಹಾಗಾಗಿ ಆ ಅಂಕ ಕಂಡು ನನಗೆ ಹೆದರಿಕೆಯಾಯಿತು. ಓದು ಬಿಡುವ ಯೋಚನೆಯಿದೆಯೋ ಏನೋ. ಫೋನಿನಲ್ಲಿ ನಾನು ಕೇಳಿದರೂ “ಚೊಲೋ ಇದ್ದು ಆಯಿ” ಎನ್ನುತ್ತಾಳೆ.

ನಿಮ್ಮ ಅಳತೆಯಲ್ಲಿ ಇಂಥದ್ದನ್ನು ಹಿಡಿಯುವ ಉಪಾಯ ಇದೆಯೇ? ತಿಳಿಯುವ ಆಸೆಯಿಂದ ಕೇಳುತ್ತಿದ್ದೇನೆ. ಇಲ್ಲದಿದ್ದರೆ ಅವಳನ್ನು ಕರೆದು, ಏನು ಸರಿಯಿಲ್ಲ ಎಂದಷ್ಟೇ ಕೇಳಿ. ಜಗಳಕ್ಕೇ ನಿಂತರೆ ದಯವಿಟ್ಟು ಬೇಸರಿಸಬೇಡಿ. ನನಗೊಂದು ಫೋನ್ ಮಾಡಿ, ದೇವರಿಗೆ ತುಪ್ಪದ ದೀಪ ಹಚ್ಚುತ್ತೇನೆ.

ಇಂತಿ,
ಗೋದಾವರಿ ಭಟ್ಟ