ಖಾಲಿ ಎನಿಸಿದ ಮೂರನೆಯ ಟ್ರ್ಯಾಕ್

೧೪-೯-೧೯೯೮, ಆಳಂದ

ಕ್ಯಾಸೆಟ್ ಅಂಗಡಿಯ ರಸೂಲ ಇಂದು ನನ್ನ ಮಾತು ಕೇಳಲಿಲ್ಲ. ಅವನ ಹೊಟ್ಟೆ ತಣ್ಣಗಿರಲಿ.

ನನ್ನ ಭಜನೆಗೆ ಕೀಬೋರ್ಡಿನಲ್ಲಿ ನುಡಿಸಿದ ಸ್ವರಗಳನ್ನು ತುಂಬಿಟ್ಟಿದ್ದ ಮಿಡಿ ಫೈಲನ್ನು ಕಂಪ್ಯೂಟರಿಗೆ ಹಾಕುವ ಮೊದಲು, ಬೇರೆ ಬೇರೆಯಾಗಿ ನುಡಿಸಿದ್ದ ಒಂದೊಂದೇ ಟ್ರ್ಯಾಕ್ ಕೇಳಿಸಿ ಯಾವುದು ಬೇಕೆಂದ. ಮೊದಲನೆಯದು ರಾಗ, ಎರಡನೆಯದು ತಬಲಾ. ಮೂರನೆಯದರಲ್ಲಿ ಸದ್ದೇ ಇಲ್ಲ.

"ಖಾಲಿ ಅದ, ಬಿಡಪ್ಪ," ಎಂದೆ.

"ತಡೀರಿ ಅಕ್ಕಾರ, ಪೂರಾ ಕೇಳೂನು."

ಕೊನೆಗೆ ಒಂದು ಸ್ವರ ಮೆಲ್ಲಗೆ ಬಂದು ನಿಂತಿತು. ಮತ್ತೆ ಮೌನ, ಮತ್ತದೇ ಸ್ವರ. ಅದರ ಜೊತೆಗೆ ಭಜನೆಯನ್ನು ಮನಸ್ಸಿನಲ್ಲೇ ಹಾಡಿಕೊಂಡೆ. ನನಗೆ ಉಸಿರು ಸಾಲದ ಕಡೆಯೆಲ್ಲ ಅದು ಬರುತ್ತಿತ್ತು. ನುಡಿಸಿದವರು ನಮ್ಮ ಮನೆಯವರು. ಎಲ್ಲ ಟ್ರ್ಯಾಕೂ ಕೂಡಿ ನುಡಿಯುವಾಗ ಅದು ನನಗೆಂದೂ ಕೇಳಿಸಿರಲಿಲ್ಲ. ನನ್ನ ಉಸಿರೇ ಗಟ್ಟಿ ಎಂದುಕೊಂಡಿದ್ದೆ.

ಮನೆಗೆ ಬಂದರೆ, "ಎಲ್ಲಾ ಬಂತೇನ?" ಎಂದರು ಅವರು.

"ಬಂತ್ರಿ. ನೀವು..." ಎಂದೆ.

"ಮೊದ್ಲ ರೊಟ್ಟಿ ಕೊಡು, ಹಸಿವಾಗ್ಯಾದ," ಎಂದು ನನ್ನ ಮಾತಿನ ಆ ಖಾಲಿಯನ್ನೂ ಅವರೇ ತುಂಬಿದರು.