ಮಡೆಪ್ಪನ ಹಿಂಡಿನಲ್ಲಿ ಎಂಬತ್ತನಾಲ್ಕು ಕುರಿ ಎಂದವರಿಗೆ

ಪೂರಕ ಪಾಠಗಳ ಪುಸ್ತಿಕೆಗೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯಿಂದ ಕದ್ದದ್ದು ಎಂದು ನೀವು ಹೇಳುತ್ತಿರುವ ಪಾಠ ನನ್ನದು. ಅದನ್ನು ನಾನು ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟಿದ್ದೆ. ನೀವೂ ಪುಕ್ಕಟೆಯಾಗಿಯೇ ತೆಗೆದುಕೊಂಡಿರಿ, ಸಂತೋಷ. ಆದರೆ ತೆಗೆದುಕೊಂಡ ಮೇಲೆ ಕೀಲಿ ಜಡಿದು, ಅದೇ ಪಾಠವನ್ನು ಮಕ್ಕಳಿಗೆ ಹಂಚಿದ ಭಾಲ್ಕಿ ತಾಲ್ಲೂಕಿನ ಅತಿಥಿ ಶಿಕ್ಷಕಿ ಸುಮನ ಅವರಿಗೆ ನೋಟಿಸು ಕಳಿಸಿದ್ದೀರಿ. ಬರುವ ಸೋಮವಾರ ಬೀದರ್‌ನಲ್ಲಿ ಅವರ ವಿಚಾರಣೆ. ಅವರದೇ ತಪ್ಪು ಎಂದು ನೀವು ತೀರ್ಮಾನಿಸಿದರೆ ಅವರ ಕೆಲಸ ಹೋಯಿತು. ಎದುರಿಗೆ ನಿಂತು ಮಾತಾಡಲು ನನಗೆ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಔರಾದ್ ತಾಲ್ಲೂಕಿನ ಕುರಿ ಸಾಕುವವರ ಮನೆಯವಳು. ಐದನೇ ತರಗತಿ ಮುಗಿಸಿ ಹಿಂಡಿನ ಹಿಂದೆ ಹೋದೆ. ಓದುವುದು, ಬರೆಯುವುದು ಮಾತ್ರ ಬಿಡಲಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಹಿಂಡು ಭಾಲ್ಕಿ ಕಡೆಗೆ ಹೋಗುತ್ತದೆ. ಅಲ್ಲಿ ಕಾಶೀರಾಮ ಕಾಕಾ ಅವರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸುತ್ತೇವೆ. ಸುಮನ ಅಕ್ಕ ಅವರ ಮಗಳು. ನನ್ನ ನೋಟ್‌ಬುಕ್ಕು ಮೊದಲು ಓದಿದವರು ಅವರು. ಅದರಲ್ಲಿದ್ದ ಒಂದು ಗಣಿತದ ಕಥೆ ಅವರಿಗೆ ಹಿಡಿಸಿತು. ಕಥೆ ಇಷ್ಟೇ: ಸಂಜೆ ಹಿಂಡು ತಿರುಗಿ ಬಂದಾಗ ಒಂದು ಕುರಿ ಇಲ್ಲವೆಂದು ಮಡೆಪ್ಪನಿಗೆ ತಟ್ಟನೆ ತಿಳಿಯುತ್ತದೆ. ಎಣಿಸದೆ ಹೇಗೆ ತಿಳಿಯಿತು? ಮಡೆಪ್ಪ ಎಂದರೆ ನನ್ನ ಅಪ್ಪ.

ಕಥೆಯ ಮೊದಲ ಸಾಲು ಹೀಗಿತ್ತು: 'ಮಡೆಪ್ಪನ ಹಿಂಡಿನಲ್ಲಿ ........ ಕುರಿಗಳಿವೆ.' ಅಲ್ಲಿ ಅಂಕಿ ಇಲ್ಲ. ನಮ್ಮ ಮನೆಯಲ್ಲಿ ಕುರಿಗಳನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಎಣಿಸಿದರೆ ಕಣ್ಣು ತಾಗುತ್ತದೆ ಎಂದು ನನ್ನ ಅಜ್ಜಿ ಹೀರಾಬಾಯಿ ಇವತ್ತಿಗೂ ನಂಬುತ್ತಾಳೆ. ಯಾರಾದರೂ ಎಷ್ಟು ಕುರಿ ಅವ ಎಂದು ಕೇಳಿದರೆ "ದೇವರು ಕೊಟ್ಟಷ್ಟು ಅವರಿ" ಎನ್ನುತ್ತಾಳೆ. ಅಪ್ಪ ಪ್ರತಿ ಕುರಿಯನ್ನೂ ಮುಖದಿಂದ ಗುರುತಿಸುತ್ತಾನೆ. ಆದ್ದರಿಂದ ಗಣಿತದ ಕಥೆಯಲ್ಲೂ ಸಂಖ್ಯೆ ಬರೆಯಲು ನನ್ನ ಕೈ ಏಳಲಿಲ್ಲ. ಬೇರೆ ಯಾರೂ ಇಂಥ ತಪ್ಪು ಮಾಡಲಾರರು ಎಂದು ಸುಮನ ಅಕ್ಕ ನಕ್ಕರು.

ಅವರೇ ಅದನ್ನು ಮುಕ್ತ ಪಾಠಗಳ ಅಂತರರಾಷ್ಟ್ರೀಯ ಆನ್‌ಲೈನ್ ಬಳಗಕ್ಕೆ ಹಾಕಿಸಿದರು. ಅಲ್ಲಿ ಎಷ್ಟೋ ದೇಶದ ಶಿಕ್ಷಕರು ತಮ್ಮ ಪಾಠಗಳನ್ನು ಇಡುತ್ತಾರೆ. ಯಾರು ಬೇಕಾದರೂ ಪ್ರತಿ ಮಾಡಬಹುದು, ತಿದ್ದಬಹುದು, ಹಂಚಬಹುದು. ನಾಚಿಕೆಯಿಂದ ನಾನು ನನ್ನ ಹೆಸರು ಹಾಕಲಿಲ್ಲ, 'ಔರಾದಿನ ಕುರಿಮರಿ' ಎಂದು ಹಾಕಿದೆ. ಷರತ್ತು ಎರಡೇ: ಎಲ್ಲಿಂದ ತಂದಿರಿ, ಏನು ತಿದ್ದಿದಿರಿ ಎಂದು ಹೇಳಬೇಕು, ನಿಮಗೆ ಸಿಕ್ಕ ಹಾಗೆಯೇ ಮುಂದಿನವರಿಗೂ ಸಿಗಬೇಕು.

ಆ ಖಾಲಿ ಜಾಗದ ಮೇಲೆ ಅಲ್ಲಿ ಹನ್ನೊಂದು ದಿನ ಚರ್ಚೆ ನಡೆಯಿತು. ನನಗೆ ಇಂಗ್ಲಿಷ್ ಬರುವುದಿಲ್ಲ. ಫೋನು ಅನುವಾದ ಮಾಡಿದ್ದನ್ನು ಓದುತ್ತಿದ್ದೆ. ಪೋರ್ಚುಗಲ್ಲಿನ ಒಬ್ಬರು, ಅಂಕಿ ಬಿಟ್ಟುಹೋಗಿದೆ, ತುಂಬಿರಿ ಎಂದರು. ಅಂಕಿಯಿಲ್ಲದ್ದು ಗಣಿತವೇ ಅಲ್ಲ ಎಂದರು ಇನ್ನೊಬ್ಬರು. ಕೊನೆಗೆ ಧೈರ್ಯ ಮಾಡಿ ಅಜ್ಜಿಯ ಮಾತನ್ನು ಬರೆದೆ. ಆಗ ಕೀನ್ಯಾದ ಒಬ್ಬ ಟೀಚರ್, ನನ್ನ ಅಜ್ಜನೂ ದನ ಎಣಿಸಲು ಬಿಡುತ್ತಿರಲಿಲ್ಲ, ಮಕ್ಕಳೇ ತಮಗೆ ಬೇಕಾದ ಸಂಖ್ಯೆ ತುಂಬಿ ಲೆಕ್ಕ ಮಾಡಲಿ ಎಂದರು. ಖಾಲಿ ಜಾಗ ಹಾಗೇ ಉಳಿಯಿತು. ಬ್ರೆಜಿಲ್‌ನ ಒಬ್ಬರು ಕುರಿಯ ಬದಲು ಕೋಳಿ ಮಾಡಿಕೊಂಡರು. ಕೆಳಗೆ 'ಔರಾದಿನ ಕುರಿಮರಿಯಿಂದ ತಂದು ತಿದ್ದಿದ್ದು' ಎಂದು ಬರೆದರು. ನನ್ನ ಮುಖ ನೋಡದ, ನನ್ನ ಊರು ಎಲ್ಲಿದೆ ಎಂದು ತಿಳಿಯದ ಜನ ಇಷ್ಟು ಮರ್ಯಾದೆ ತೋರಿಸಿದರು. ಔರಾದಿನಿಂದ ಒಂದೇ ಬಸ್ಸಿನ ದಾರಿಯಲ್ಲಿರುವ ನಿಮಗೆ ಅದು ಯಾಕೆ ಕಷ್ಟವಾಯಿತು?

ಒಂದು ವರ್ಷದ ನಂತರ ನಿಮ್ಮ ಪುಸ್ತಿಕೆ ಬಂತು. ಕಥೆ ಅದೇ, ಅಪ್ಪನ ಹೆಸರೂ ಅದೇ. ಕುರಿಮರಿ ಮಾತ್ರ ನಾಪತ್ತೆ. ಮೊದಲ ಸಾಲು: 'ಮಡೆಪ್ಪನ ಹಿಂಡಿನಲ್ಲಿ ೮೪ ಕುರಿಗಳಿವೆ.' ಹಿಂದಿನ ಪುಟದಲ್ಲಿ: 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ. ಅನುಮತಿಯಿಲ್ಲದೆ ನಕಲು ಮಾಡತಕ್ಕದ್ದಲ್ಲ.' ಯಾರ ಹಕ್ಕನ್ನು ಯಾರಿಂದ ಕಾಯ್ದಿರಿ, ಸ್ವಾಮಿ?

ನಿಮ್ಮ ಪುಸ್ತಿಕೆ ಸುಮನ ಅಕ್ಕನ ಶಾಲೆಗೆ ಸಾಕಷ್ಟು ಬರಲಿಲ್ಲ. ಅವರು ಬಳಗದ ಪುಟದಿಂದ ನನ್ನ ಮೂಲ ಪಾಠ ತೆಗೆದು, ಭಾಲ್ಕಿಯಲ್ಲಿ ಕುತುಬೋದ್ದೀನ ಚಾಚಾ ಅವರ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಹಂಚಿದರು. ತಪಾಸಣೆಗೆ ಬಂದವರು ಅದನ್ನು ಹಿಡಿದರು. ನೋಟಿಸಿನಲ್ಲಿ ಎರಡು ಆರೋಪ: ಇಲಾಖೆಯ ಪಾಠವನ್ನು ನಕಲು ಮಾಡಿದ್ದು, ಅದರಲ್ಲಿದ್ದ ಅಂಕಿಯನ್ನು ಅಳಿಸಿ ತಿದ್ದಿದ್ದು. ಎಂದೂ ಇಲ್ಲದ ಅಂಕಿಯನ್ನು ಒಬ್ಬ ಶಿಕ್ಷಕಿ ಅಳಿಸಿದರಂತೆ!

ಅಕ್ಕ ಮತ್ತು ನಾನು ಹೋದ ವಾರ ನಿಮ್ಮ ಕಚೇರಿಗೆ ಬಂದಿದ್ದೆವು. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತರು ಸಿಕ್ಕರು.

"ಇದರಾಗ ನಿಮ್ಮ ಹೆಸರು ಎಲ್ಲದ?" ಎಂದು ನನ್ನನ್ನು ಕೇಳಿದರು.

"ಹಾಕಿಲ್ರಿ."

"ಯಾಕ?"

"ನಾಚಿಕಿ ಬಂತ್ರಿ."

"ಎಷ್ಟ ಓದೀರಿ?"

"ಐದನೇತ್ತಾರಿ."

ಅವರು ಪಕ್ಕದ ಮೇಜಿನವರ ಕಡೆ ತಿರುಗಿದರು. "ಕೇಳ್ರಿಲ್ಲಿ, ಐದನೇತ್ತ ಕಲ್ತಾಕಿ ಐದನೇತ್ತಕ್ಕ ಪಾಠ ಬರ್ದಾಳಂತ!"

ಸುಮನ ಅಕ್ಕ ಬಿಡಲಿಲ್ಲ. "ಸಾಹೇಬರ, ಪುಟದ ಮ್ಯಾಲ ತಾರೀಖು ಅದ ನೋಡ್ರಿ. ನಿಮ್ಮ ಪುಸ್ತಕಕ್ಕಿಂತ ಒಂದ್ ವರ್ಷ ಮೊದಲಿಂದು."

"ಅದು ಕುರಿಮರಿ ಹೆಸರಿಲೆ ಅದ, ಮೇಡಮ್. ಕುರಿಮರಿಗಿ ವಿಚಾರಣಿಗಿ ಕರ್ಕೊಂಡ್ ಬರ್ತೀರೇನ್ರಿ?"

ಎಲ್ಲರೂ ನಕ್ಕರು. ನಾನು ಕಾಲ ಬೆರಳು ನೋಡುತ್ತ ನಿಂತೆ. ನಾನಾಗಲೇ ಬಾಯಿಬಿಟ್ಟಿದ್ದರೆ ಅಕ್ಕನಿಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ. ಆ ತಪ್ಪು ನನ್ನದು, ಒಪ್ಪುತ್ತೇನೆ.

ನೀವು ಅಂಕಿ ಹಾಕಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ನಿಮಗೂ ತಿದ್ದುವ ಹಕ್ಕನ್ನು ನಾನೇ ಕೊಟ್ಟಿದ್ದೆ. 'ಮೂಲದಲ್ಲಿ ಖಾಲಿ ಇತ್ತು, ನಾವು ತುಂಬಿದೆವು' ಎಂಬ ಒಂದು ಸಾಲು ಸಾಕಿತ್ತು. ನೀವು ತಿದ್ದಿದ್ದನ್ನು ಮುಚ್ಚಿ, ತಿದ್ದದವರ ಮೇಲೆ ತಿದ್ದಿದ ಆರೋಪ ಹೊರಿಸಿದ್ದೀರಿ. ಈ ಎಂಬತ್ತನಾಲ್ಕು ಎಲ್ಲಿಂದ ಬಂತು? ನಮ್ಮ ಹಟ್ಟಿಗೆ ನಿಮ್ಮವರು ಯಾರೂ ಬಂದಿಲ್ಲ. ಅಪ್ಪ ಯಾರಿಗೂ ಹೇಳಿಲ್ಲ. ನನಗೂ ಹೇಳಿಲ್ಲ.

ಪುಸ್ತಿಕೆಯ ಆ ಸಾಲು ಓದಿ ಹೇಳಿದಾಗ ಅಪ್ಪ ಮೊದಲು ನಕ್ಕಿದ್ದ. "ಎಂಬತ್ನಾಕಂತ? ಹಂಗಾದ್ರ ನನಗಿಂತ ಅವರಿಗಿ ಚೊಲೋ ಗೊತ್ತದ ಬಿಡು." ನೋಟಿಸಿನ ವಿಷಯ ತಿಳಿದ ಮೇಲೆ ನಗಲಿಲ್ಲ. ಬೀಡಿ ಆರಿಸಿ ಹೇಳಿದ: "ಸೋಮಾರ ನಾನೂ ಬರ್ತೇನಿ. ಎಷ್ಟವ ಅಂತ ಎಣ್ಸಿ, ಎಲ್ಲಾರ ಮುಂದ ಹೇಳ್ತೇನಿ. ಸುಳ್ಳು ಯಾರ್ದಂತ ಆಗ ತಿಳೀತದ. ಕಾಶೀರಾಮನ ಮಗಳು ಕೆಲಸ ಕಳ್ಕೋಬಾರ್ದು."

ಅಜ್ಜಿ ಬೈಯುತ್ತಾಳೆ ಅಂದುಕೊಂಡೆ. ಅವಳು ಸೆರಗು ಮುಖಕ್ಕೆ ಎಳೆದುಕೊಂಡು ಹಟ್ಟಿಯ ಕಡೆಗೆ ಎದ್ದು ಹೋದಳು.

ಮಾನ್ಯರೇ, ಅರವತ್ತು ವರ್ಷ ಎಣಿಸದ ಮನುಷ್ಯ ನಿಮ್ಮ ಒಂದು ಅಂಕಿಯ ಸಲುವಾಗಿ ಸೋಮವಾರ ಎಣಿಸಲು ಸಿದ್ಧನಾಗಿದ್ದಾನೆ. ನಿಮಗೆ ಕಣ್ಣು ತಾಗುವುದರಲ್ಲಿ ನಂಬಿಕೆ ಇಲ್ಲದಿರಬಹುದು. ನನಗೂ ಅಷ್ಟೇನೂ ಇಲ್ಲ. ಆದರೆ ಮುಂದೆ ಒಂದು ಮರಿ ಸತ್ತರೂ ಅಪ್ಪ ಆ ಸೋಮವಾರವನ್ನು ನೆನೆಯುತ್ತಾನೆ. ಅದನ್ನು ಅವನ ಮೇಲೆ ಹೊರಿಸಬೇಡಿ.

ಕುರಿಮರಿಯನ್ನು ಕರೆತರುತ್ತೀರಾ ಎಂದು ನಿಮ್ಮ ಗುಮಾಸ್ತರು ಕೇಳಿದ್ದರು. ಬಂದಿದ್ದೇನೆ. ಪಾಠ ಬರೆದವಳು ನಾನು. ಖಾಲಿ ಜಾಗ ಬಿಟ್ಟವಳೂ ನಾನು. ನನ್ನ ನೋಟ್‌ಬುಕ್ಕು ಇದೆ, ಬಳಗದ ಹನ್ನೊಂದು ದಿನದ ಚರ್ಚೆಯೂ ಇದೆ. ಸೋಮವಾರಕ್ಕೆ ಮೊದಲು ಸುಮನ ಅಕ್ಕನ ನೋಟಿಸನ್ನು ಬರವಣಿಗೆಯಲ್ಲಿ ಹಿಂದಕ್ಕೆ ಪಡೆಯಿರಿ. ಪುಸ್ತಿಕೆಯ ಹಿಂದಿನ ಪುಟದ ಕೀಲಿ ತೆಗೆಯಿರಿ, ಯಾವ ಶಾಲೆ ಬೇಕಾದರೂ ಪ್ರತಿ ಮಾಡಿಕೊಳ್ಳಲಿ. ಎಂಬತ್ತನಾಲ್ಕು ನಿಮಗೆ ಅಷ್ಟು ಇಷ್ಟವಾಗಿದ್ದರೆ ಇಟ್ಟುಕೊಳ್ಳಿ, ಆದರೆ ಮಡೆಪ್ಪ ಎಂಬ ಹೆಸರು ತೆಗೆದು ನಿಮ್ಮ ಹೆಸರು ಹಾಕಿಕೊಳ್ಳಿ. ಇದು ಯಾವುದೂ ಆಗದಿದ್ದರೆ ಸೋಮವಾರ ಅಪ್ಪನಿಗಿಂತ ಮೊದಲು ನಾನು ಎದ್ದು ನಿಲ್ಲುತ್ತೇನೆ. ಧ್ವನಿ ನಡುಗಬಹುದು, ಸಹಿಸಿಕೊಳ್ಳಿ.

ಇಂತಿ,
ಮೊದಲನೇ ಸಲ ತನ್ನ ಹೆಸರು ಹಾಕುತ್ತಿರುವ
ಸಿದ್ದೇಶ್ವರಿ, ಮಡೆಪ್ಪನ ಮಗಳು
ಐದನೇ ತರಗತಿ ಪಾಸು, ಔರಾದ್ ತಾಲ್ಲೂಕು